ಮೂಗಿನಕ್ಕ

ನಮ್ಮ ಬುಡಕಟ್ಟಿನವರೇ ನಡೆಸುವ ಪುಟ್ಟ ಆಸ್ಪತ್ರೆಯಲ್ಲಿ, ಕೆಮ್ಮು ಜ್ವರದ ಸೋಂಕು ನೋಡಲು ಮೂಗಿಗೆ ಹತ್ತಿಕಡ್ಡಿ ಹಾಕುವ ನರ್ಸಿಗೆ ಊರವರಿಟ್ಟ ಹೆಸರು ಮೂಗಿನಕ್ಕ. ಅವಳು ಮುಖ ಮರೆತರೂ ಮೂಗು ಮರೆಯುವವಳಲ್ಲ. ಮಾಸ್ಕ್ ಇಳಿಸಿದರೆ ಸಾಕು, “ನೀನು ಬಡಗಿ ಮಾವನ ಮೊಮ್ಮಗಳಲ್ವೇನೆ? ನಿಮ್ಮನೇಲಿ ಎಲ್ಲರಿಗೂ ಎಡಗಡೆ ಹೊಳ್ಳೆ ಇಕ್ಕಟ್ಟು” ಎಂದು ಮೂರು ತಲೆಮಾರಿನ ಚರಿತ್ರೆ ಬಿಚ್ಚುತ್ತಾಳೆ. ಕಡ್ಡಿ ತಿರುಗಿಸುವಷ್ಟು ಹೊತ್ತು ನಮ್ಮ ಮನೆಮಾತಿನಲ್ಲೇ ಹತ್ತರವರೆಗೆ ಎಣಿಸಬೇಕು. ಶಾಲೆಯ ಭಾಷೆಯಲ್ಲಿ ಶುರುಮಾಡಿದವರಿಗೆ “ಮತ್ತೆ ಒಂದರಿಂದ ಬಾ, ಕಡ್ಡಿ ಇಲ್ಲೇ ಇರುತ್ತೆ” ಎನ್ನುತ್ತಾಳೆ. ಹಾಗೆ ಕಣ್ಣೀರು ಸುರಿಸುತ್ತ ಅಂಕಿ ಕಲಿತ ಮೀಸೆಯ ಗಂಡಸರೇ ಊರಲ್ಲಿ ಅರ್ಧ. ಆದರೆ ಫಲಿತಾಂಶ ಬರುವ ಹದಿನೈದು ನಿಮಿಷ ಯಾರನ್ನೂ ಒಂಟಿಯಾಗಿ ಕೂರಿಸುವುದಿಲ್ಲ; ಜಗಲಿಯ ಬೆಂಚಿನ ಇನ್ನೊಂದು ತುದಿಯಲ್ಲಿ ತಾನೂ ಕೂರುತ್ತಾಳೆ. ಅವಳ ಅಪ್ಪ ಪಟ್ಟಣದ ದೊಡ್ಡಾಸ್ಪತ್ರೆಯಲ್ಲಿ ಇಂಥದೇ ಪರೀಕ್ಷೆಗೆ ಇಡೀ ದಿನ ಒಬ್ಬನೇ ಕಾದಿದ್ದ. ಅವನ ಮಾತು ಅಲ್ಲಿ ಒಬ್ಬರಿಗೂ ತಿಳಿಯುತ್ತಿರಲಿಲ್ಲ. ಇವತ್ತು ಬೆಂಚಿನಲ್ಲಿದ್ದವಳು ಅವಳ ದೊಡ್ಡಮ್ಮ. ಅವಳ ಮೊಮ್ಮಗಳಿಗೆ ಮಗು ಹುಟ್ಟಿ ಮೂರು ದಿನವಾಗಿದೆ, ಸೋಂಕಿಲ್ಲ ಎಂದಾದರೆ ಮಾತ್ರ ಮುಟ್ಟಬಹುದು. “ಎರಡು ಗೆರೆ ಬಂದ್ರೆ ಏನೇ ಮಾಡ್ಲಿ?” “ವಾಸಿಯಾಗೋ ತನಕ ಕಿಟಕಿಯಿಂದ ನೋಡು. ನಾನೂ ಬಂದು ಜೊತೆಗೆ ನಿಂತ್ಕೋತೀನಿ.” ಬಂದದ್ದು ಒಂದೇ ಗೆರೆ, ಸೋಂಕಿಲ್ಲ. ದೊಡ್ಡಮ್ಮ ಹೊರಡಲು ಎದ್ದವಳು ಅಲ್ಲೇ ನಿಂತುಬಿಟ್ಟಳು. “ಕೈ ನಡುಗ್ತಾ ಇದೆ ಕಣೆ, ಹೆಂಗೆ ಎತ್ಕೊಳ್ಳಲಿ?” “ಕೂತ್ಕೊಂಡು ಎತ್ಕೋ ದೊಡ್ಡಮ್ಮ,” ಎಂದಳು ಮೂಗಿನಕ್ಕ, “ಮಡಿಲು ನಡುಗಲ್ಲ.”