ಕ್ಲಚ್ಚಿನ ಮೇಲೆ ಹೊಲಿಗೆಯ ಕಾಲು

ಬೆಳಗ್ಗೆ ಮುಖ ತೊಳೆದವಳೇ ಅಕ್ಕ ತೂಕದ ಯಂತ್ರದ ಮೇಲೆ ನಿಲ್ಲುತ್ತಾಳೆ. ಬಂದ ಅಂಕಿಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದು, ಕಣ್ಣು ಮುಚ್ಚಿ ಒಂದು ಗಳಿಗೆ ಕೈ ಮುಗಿಯುತ್ತಾಳೆ. ಮೂತ್ರಪಿಂಡಗಳು ಕೈಕೊಟ್ಟ ಈ ನಾಲ್ಕು ವರ್ಷಗಳಲ್ಲಿ ಇದು ಒಂದು ದಿನವೂ ತಪ್ಪಿಲ್ಲ. ಆ ಭಾನುವಾರ ತೂಕ ಎರಡು ಕಿಲೋ ಏರಿತ್ತು. ಮೈಯಲ್ಲಿ ನೀರು ನಿಂತಿದೆ ಎಂದೇ ಅರ್ಥ. ಮರುದಿನ ಬೆಳಗ್ಗೆ ಆರಕ್ಕೆ ಡಯಾಲಿಸಿಸ್‌ಗೆ ಹೋಗಲೇಬೇಕು. ಕರೆದೊಯ್ಯಬೇಕಾದ ಕಾರು ಮಾತ್ರ ಮೂತಿ ಮೇಲೆತ್ತಿಕೊಂಡು ಅಂಗಳದಲ್ಲಿ ಸ್ಟ್ಯಾಂಡಿನ ಮೇಲೆ ಕೂತಿತ್ತು.

ಕಾರು ತಮ್ಮನದು. ಕಾರ್ಖಾನೆಯಲ್ಲಿ ಆರು ದಿನ ಲೇತ್ ಯಂತ್ರದ ಮುಂದೆ ನಿಂತು, ಏಳನೆಯ ದಿನ ಮಲಗಬೇಕಾದವನು ಕಾರಿನಡಿ ಮಲಗಿದ್ದ. ಸೋರುತ್ತಿದ್ದ ಕ್ಲಚ್ ಸಿಲಿಂಡರನ್ನು ಬದಲಿಸಿಯಾಗಿತ್ತು. ಆದರೂ ಪೆಡಲ್ ಹತ್ತಿಯ ಹಾಗೆ ಮೆತ್ತಗೆ, ಗೇರ್ ಬೀಳುತ್ತಿರಲಿಲ್ಲ. ಕ್ಲಚ್ಚಿನ ಆಯಿಲ್ ಪೈಪಿನೊಳಗೆ ಸೇರಿಕೊಂಡ ಗಾಳಿಯನ್ನು ಹೊರಹಾಕಬೇಕು. ಅದಕ್ಕೆ ಇಬ್ಬರು ಬೇಕು. ಒಬ್ಬರು ಪೆಡಲ್ ಒತ್ತಿ ಹಿಡಿದಿರುವಾಗ ಇನ್ನೊಬ್ಬರು ಕೆಳಗೆ ಪೈಪಿನ ತುದಿಯ ತಿರುಪು, ನಿಪ್ಪಲ್, ಸಡಿಲಿಸಿ, ಗಾಳಿ ಬಿಟ್ಟು, ಮತ್ತೆ ಬಿಗಿಯಬೇಕು. ಮನೆಯಲ್ಲಿದ್ದವರು ಅವರಿಬ್ಬರೇ.

"ಆಸ್ಪತ್ರೆ ವ್ಯಾನಿಗೇ ಹೇಳ್ಬಿಡ್ಲಾ ಅಕ್ಕ?"

"ಊರೆಲ್ಲಾ ಸುತ್ತಿಸಿ, ಹೊಟ್ಟೇಲಿರೋದನ್ನೆಲ್ಲಾ ಕಕ್ಕಿಸ್ತಾರೆ. ನಾನೇ ಒತ್ತೀನಿ ಬಿಡು. ಕೂತ್ಕೊಂಡು ಮಾಡೋ ಕೆಲಸ ತಾನೇ?"

ನಾಲ್ಕು ವರ್ಷ ಆ ಕಾರಿನಲ್ಲಿ ಮೂಟೆಯ ಹಾಗೆ ಹೋಗಿ ಬಂದವಳು ಮೊದಲ ಸಲ ಚಾಲಕನ ಸೀಟಿನಲ್ಲಿ ಕೂತಳು.

"ಒತ್ತು!"

"ಒತ್ತಿದೆ."

"ಹಿಡ್ಕೊ... ಹಿಡ್ಕೊ... ಹಾಂ, ಬಿಡು."

ಒಂದು ಗಂಟೆ ಇದೇ ಮಂತ್ರ. ನಡುನಡುವೆ ಅವನು ಎದ್ದು ಬಂದು ಬಾನೆಟ್ಟಿನ ಕೆಳಗಿನ ಡಬ್ಬಿಗೆ ಆಯಿಲ್ ತುಂಬಿಸಿ ಮತ್ತೆ ಅಡಿಗೆ ನುಸುಳುತ್ತಿದ್ದ. ನಿಪ್ಪಲ್ಲಿಗೆ ಸಿಕ್ಕಿಸಿದ ಪಾರದರ್ಶಕ ಕೊಳವೆಯಲ್ಲಿ ಗುಳ್ಳೆಗಳು ಬರುತ್ತಲೇ ಇದ್ದವು. ಅಕ್ಕನ ತೊಡೆ ನಡುಗತೊಡಗಿತು. ಡಯಾಲಿಸಿಸ್ ಸೂಜಿ ಚುಚ್ಚುವ ಎಡಗೈಯನ್ನು ಮಡಿಲಲ್ಲಿ ಕಾಪಾಡಿಕೊಂಡು, ಒಳಗೊಳಗೇ ದೇವರ ಹೆಸರು ಹೇಳುತ್ತಾ ಒತ್ತಿದಳು.

ಕೊನೆಗೆ ತಮ್ಮ ತೆವಳಿ ಹೊರಬಂದ. "ಎಲ್ಲಿ, ನನ್ನೆದುರಿಗೇ ಒಂದ್ಸಲ ಒತ್ತು."

ಒತ್ತಿದಳು. ಪಾದ ಕೆಳಗೆ ಹೋಯಿತು, ತಳ ಮುಟ್ಟಿತು, ತಾನಾಗಿಯೇ ಮೇಲೆದ್ದಿತು.

"ನಾನು ಬಿಡು ಅನ್ನೋಕೆ ಮುಂಚೇನೇ ಎತ್ತಿಬಿಡ್ತೀಯಲ್ಲ ಅಕ್ಕಾ! ನಿಪ್ಪಲ್ ಬಿಚ್ಚಿರುವಾಗ ಕಾಲೆತ್ತಿದ್ರೆ ಹೋದ ಗಾಳಿ ಎಲ್ಲಾ ವಾಪಸ್ ಒಳಗೇ ಬರುತ್ತೆ."

"ನಾನೆಲ್ಲೋ ಎತ್ತಿದೆ?"

ಅವಳು ಸುಳ್ಳು ಹೇಳಲಿಲ್ಲ. ಮೂವತ್ತು ವರ್ಷ ಹೊಲಿಗೆ ಯಂತ್ರ ತುಳಿದ ಕಾಲು ಅದು. ಒತ್ತಿದ ಮರುಕ್ಷಣ ಏಳುವುದಷ್ಟೇ ಅದಕ್ಕೆ ಗೊತ್ತು. ತಾಯಿಯಿಲ್ಲದ ಈ ತಮ್ಮನನ್ನು ಓದಿಸಿದ್ದೂ ಆ ಕಾಲೇ.

ತಮ್ಮನಿಗೂ ಹೊಳೆಯಿತು. "ಕಾರಿಗೆ ಜೇಬು ಹೊಲೀತಿದ್ದೀಯಾ?" ಎಂದು ನಕ್ಕ. ನಗು ಅರ್ಧಕ್ಕೇ ಬತ್ತಿತು. ಬಾಗಿಲಿಗೆ ಒರಗಿ ನಿಂತಲ್ಲೇ ಕಣ್ಣು ಮುಚ್ಚಿದ. "ಇದೊಂದ್ಸಲ ನೋಡೋಣ. ಆಗ್ಲಿಲ್ಲ ಅಂದ್ರೆ ವ್ಯಾನೇ ಗತಿ."

ಈ ಸಲ ಅಕ್ಕ ಬಲಗೈಯನ್ನು ಮೊಣಕಾಲ ಮೇಲಿಟ್ಟು ಮೈಭಾರವನ್ನೆಲ್ಲ ಹಾಕಿದಳು. ಕಾಲು ಏಳಲು ನೋಡಿತು, ಅವಳು ಬಿಡಲಿಲ್ಲ. ನೀರು ತುಂಬಿ ಊದಿದ ಪಾದದಲ್ಲಿ ಪೆಡಲ್ಲಿನ ಗೆರೆಗಳು ಅಚ್ಚಾದವು. ಹತ್ತು ಸಲ, ಹದಿನೈದು ಸಲ. ಗುಳ್ಳೆಗಳು ಸಣ್ಣವಾದವು, ಬಿಡಿಬಿಡಿಯಾದವು. ಇಪ್ಪತ್ತನೆಯದಕ್ಕೆ ಪೆಡಲ್ ಮೊದಲ ಬಾರಿ ಅವಳ ಕಾಲಿಗೆ ಎದುರು ನಿಂತಿತು.

"ಗಟ್ಟಿಯಾಗ್ತಿದೆ ಕಣೋ!"

"ಇನ್ನೊಂದು ಐದಾರು ಸಲ ಅಕ್ಕ, ಅಷ್ಟೇ," ಅಡಿಯಿಂದ ದನಿ ಬಂತು.

ಆ ಹೊತ್ತಿಗೆ ಕೊರಿಯರ್ ಕೆಲಸ ಮಾಡುವ ಪಕ್ಕದ ಮನೆಯವನು ಬೈಕ್ ನಿಲ್ಲಿಸಿ ಕಾಂಪೌಂಡಿನೊಳಗೆ ಬಂದ. ಅವಳ ಬೆವೆತ ಮುಖ ಕಂಡು ಗಾಬರಿಯಾದ. "ಅಯ್ಯೋ ಅಕ್ಕಾ, ನೀವ್ಯಾಕೆ? ಇಳೀರಿ, ಒಳಗೆ ಹೋಗಿ ಮಲಗಿ. ನಾನು ಒತ್ತೀನಿ."

"ಹೌದಕ್ಕ, ಅವನು ಕೂರ್ಲಿ," ಎಂದ ತಮ್ಮ.

ಅಕ್ಕ ಸೆರಗಿನಿಂದ ಹಣೆ ಒರೆಸಿಕೊಂಡಳು. ಸೀಟು ಬಿಟ್ಟು ಏಳಲಿಲ್ಲ.

"ಬೇಡಪ್ಪಾ. ಈ ಕಾಲಿಗೆ ಬುದ್ಧಿ ಕಲಿಸೋ ಹೊತ್ತಿಗೆ ನಾವಿಬ್ರೂ ಅರ್ಧ ಆಗಿದ್ದೀವಿ. ಇನ್ನು ನಿನಗೆ ಕಲಿಸೋ ಶಕ್ತಿ ಯಾರಿಗಿದೆ? ನೀನು ಹೋಗಿ ಊಟ ಮಾಡು."