ನಲವತ್ತೊಂದನೇ ಮನೆಯ ಚುಕ್ಕಿ

ಅಗ್ನಿಶಾಮಕ ಠಾಣೆಯ ಬ್ಯಾಂಡಿನಲ್ಲಿ ಹದಿನೇಳು ವಾದ್ಯಗಳಿದ್ದವು. ಹದಿನೇಳು ಜನರ ಮುಂದಿರುತ್ತಿದ್ದ ಹಾಳೆಗಳನ್ನು ಬರೆದದ್ದು ಮಾತ್ರ ಒಂದೇ ಕೈ. ಆ ಕೈಯವಳನ್ನು ಎಲ್ಲರೂ ಮುತ್ತಕ್ಕ ಎನ್ನುತ್ತಿದ್ದರು. ಹೆತ್ತವರಿಟ್ಟ ಹೆಸರು ಬೇರೆಯೇ ಇತ್ತು. ಇಪ್ಪತ್ತೆರಡನೇ ವಯಸ್ಸಿನಲ್ಲಿ ಅವಳು ಠಾಣೆಯ ಕಚೇರಿಗೆ ಗುಮಾಸ್ತೆಯಾಗಿ ಸೇರಿದ ವಾರವೇ ಬ್ಯಾಂಡ್ ಮೇಷ್ಟ್ರು ಅವಳ ಹಾಜರಿ ಪುಸ್ತಕ ನೋಡಿ, "ಇದೇನು ಅಕ್ಷರಾನಾ, ಮುತ್ತಾ? ನಿಂಗೆ ಸ್ವರ ಬರೆಯೋದು ಕಲಿಸ್ತೀನಿ ಬಾಮ್ಮ" ಅಂದಿದ್ದರು. ಅಂದಿನಿಂದ ಮುತ್ತಕ್ಕ ಎಂಬ ಹೆಸರೇ ನಿಂತುಬಿಟ್ಟಿತು.

ಮೇಷ್ಟ್ರು ಒಂದು ದೊಡ್ಡ ಹಾಳೆಯಲ್ಲಿ ಎಲ್ಲ ವಾದ್ಯಗಳ ಸಂಗೀತವನ್ನೂ ಒಂದರ ಕೆಳಗೊಂದು ಬರೆದುಕೊಡುತ್ತಿದ್ದರು. ಅದನ್ನು ಬಿಡಿಸಿ, ಕ್ಲಾರಿನೆಟ್‌ನದು ಕ್ಲಾರಿನೆಟ್‌ನವರಿಗೆ, ಡೋಲಿನದು ಡೋಲಿನವರಿಗೆ ಎಂದು ಬೇರೆ ಬೇರೆ ಹಾಳೆಯಲ್ಲಿ ಇಳಿಸುವುದು ಮುತ್ತಕ್ಕನ ಕೆಲಸ. ಐದು ಅಡ್ಡಗೆರೆ, ಅವುಗಳ ಮೇಲೆ ಸಾಸಿವೆ ಗಾತ್ರದ ಸ್ವರಗಳು, ಎಣಿಕೆಗೆ ತಕ್ಕಂತೆ ಬಾಲ. ಅಲ್ಲಲ್ಲಿ ಒಂದು ನಿಂತ ಗೆರೆ. ಎರಡು ನಿಂತ ಗೆರೆಗಳ ನಡುವಿನ ಜಾಗಕ್ಕೆ ಬ್ಯಾಂಡಿನವರು ಮನೆ ಎನ್ನುತ್ತಿದ್ದರು. ಮನೆಗೆ ನಾಲ್ಕು ಎಣಿಕೆ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಊಟದ ಬಿಡುವಿನಲ್ಲಿ, ರಜೆಯಲ್ಲಿ, ಎಷ್ಟೋ ಸಲ ಅಡುಗೆಮನೆಯ ಕಟ್ಟೆಯ ಮೇಲೂ ಕೂತು ಅವಳು ಬರೆದಳು. ಸ್ವರ ತಪ್ಪಿದರೆ ಜನ ನುಡಿಸಿದವನನ್ನು ನೋಡುತ್ತಿದ್ದರೇ ಹೊರತು ಹಾಳೆಯನ್ನಲ್ಲ.

ಐವತ್ತೊಂಬತ್ತನೇ ವಯಸ್ಸಿನಲ್ಲಿ ಬಲಗೈ ನಡುಗತೊಡಗಿತು. ಮೊದಲು ಕಾಫಿ ಲೋಟ ತಟ್ಟೆಯ ಮೇಲೆ ಕಟಕಟ ಎಂದಿತು. ಆಮೇಲೆ ಸ್ವರಗಳ ತಲೆ ಸೊಟ್ಟಗಾಯಿತು. ಡಾಕ್ಟರು ಎರಡು ಕೈಯನ್ನೂ ಚಾಚಿಸಿ ನೋಡಿ, "ಇದು ಪ್ರಾಣಕ್ಕೇನೂ ಮಾಡಲ್ಲ. ಆದ್ರೆ ಬಿಟ್ಟೂ ಹೋಗಲ್ಲ" ಎಂದರು.

"ಕರೆಯದೆ ಬಂದ ನೆಂಟನ ಥರ ಅನ್ನಿ" ಎಂದಳು ಮುತ್ತಕ್ಕ. ಡಾಕ್ಟರು ನಕ್ಕರು. ಅವಳು ಮನೆಗೆ ಬಂದು ಮಸಿ, ನಿಬ್ಬು, ಗೆರೆಪಟ್ಟಿ ಎಲ್ಲವನ್ನೂ ಒಂದು ಬಟ್ಟೆಯಲ್ಲಿ ಸುತ್ತಿ ಕಪಾಟಿನ ಮೇಲಿಟ್ಟಳು. ಎರಡು ವರ್ಷ ಅದನ್ನು ಕೆಳಗಿಳಿಸಲಿಲ್ಲ.

ಅಷ್ಟರಲ್ಲಿ ನಿವೃತ್ತಿಯೂ ಆಯಿತು. ಗಂಡ ತೀರಿಕೊಂಡ ಮೇಲೆ ಅವಳೂ ನಾದಿನಿಯೂ ಒಂದೇ ಮನೆಯಲ್ಲಿದ್ದರು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ, ಬೀದಿಗೆ ತೆರೆಯುವ ಒಂದು ಕಿಟಕಿ. ನಾದಿನಿ ವಕೀಲರೊಬ್ಬರ ಕಚೇರಿಯಲ್ಲಿ ಟೈಪಿಸ್ಟ್. ಬಾಯಿ ಬೆರಳಿಗಿಂತ ಚುರುಕು.

ಒಂದು ಭಾನುವಾರ ಬೆಳಿಗ್ಗೆ ಮೇಷ್ಟ್ರು ಮೆಟ್ಟಿಲು ಹತ್ತಿಕೊಂಡು ಬಂದರು. ಎಪ್ಪತ್ತನಾಲ್ಕರ ಮನುಷ್ಯ, ಏದುಸಿರು ಬಿಡುತ್ತಿದ್ದರು. ಕೈಯಲ್ಲೊಂದು ರಟ್ಟಿನ ಪೆಟ್ಟಿಗೆ.

"ಠಾಣೆಗೆ ಐವತ್ತು ವರ್ಷ ತುಂಬ್ತಿದೆ ಕಣಮ್ಮ. ಇನ್ನೆರಡು ತಿಂಗಳು. ನಮ್ಮ ಮೆರವಣಿಗೆ ಪಾಠ ಬಾರಿಸ್ಬೇಕು. ಹಾಳೆ ನೋಡು, ಮುಟ್ಟಿದ್ರೆ ಉದುರುತ್ತೆ."

ಮೆರವಣಿಗೆ ಪಾಠವೆಂದರೆ ಬ್ಯಾಂಡು ನಡೆಯುತ್ತ ನುಡಿಸುವ ಸಂಗೀತ; ಮೇಷ್ಟ್ರೇ ಕಟ್ಟಿದ್ದು, ಮುತ್ತಕ್ಕ ಇಪ್ಪತ್ತೇಳರ ಪ್ರಾಯದಲ್ಲಿ ಬರೆದಿಟ್ಟದ್ದು. ಠಾಣೆಯ ಕಪಾಟಿನ ತೇವಕ್ಕೆ ಹಾಳೆಗಳು ಹಪ್ಪಳವಾಗಿದ್ದವು. ಅವಳು ಬಲಗೈಯನ್ನು ಮೇಷ್ಟ್ರ ಮುಂದೆ ಚಾಚಿದಳು. ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಹೋಗುವಾಗ ಪೆಟ್ಟಿಗೆ ತೆಗೆದುಕೊಂಡು ಹೋಗಲು ಮರೆತರೋ, ಬೇಕೆಂದೇ ಬಿಟ್ಟರೋ, ಅದು ಅಲ್ಲೇ ಉಳಿಯಿತು.

ನಾದಿನಿ ಸುಮ್ಮನಿರುವವಳಲ್ಲ. ಸಂಗೀತ ಬರೆಯುವ ಒಂದು ಪ್ರೋಗ್ರಾಂ ಅನ್ನು ತನ್ನ ಹಳೆಯ ಕಂಪ್ಯೂಟರಿಗೆ ಹಾಕಿಕೊಟ್ಟಳು. ಅದರಲ್ಲಿ ಮೌಸ್ ಹಿಡಿದು ಸ್ವರವನ್ನು ಗೆರೆಯ ಮೇಲೆ ಕೂರಿಸಬೇಕು. ಮುತ್ತಕ್ಕ ಕೂರಿಸಲು ಹೋದದ್ದು ಎರಡು ಗೆರೆ ಮೇಲೆ ಹಾರಿ ಕೂತಿತು. ಒಂದು ಸಾಲು ಮುಗಿಯುವಷ್ಟರಲ್ಲಿ ಅವಳ ಕಣ್ಣಲ್ಲಿ ನೀರು.

ನಾಲ್ಕು ದಿನ ಬಿಟ್ಟು ನಾದಿನಿ ಕಚೇರಿಯಿಂದ ಬಂದವಳೇ ಚಪ್ಪಲಿ ಬಿಡುವ ಮೊದಲೇ ಹೇಳಿದಳು: "ಅತ್ತಿಗೆ, ಇನ್ನೊಂದು ಪ್ರೋಗ್ರಾಂ ಇದೆಯಂತೆ, ಅದಕ್ಕೆ ಮೌಸೇ ಬೇಡ್ವಂತೆ! ಕಾಗದ ಟೈಪ್ ಮಾಡೋ ಹಾಗೆ ಅಕ್ಷರ ಹೊಡೆದ್ರೆ ಸಾಕಂತೆ, ಅದೇ ಗೆರೆ ಎಳ್ಕೊಂಡು ಸ್ವರ ಬರ್ಕೊಳ್ಳುತ್ತಂತೆ."

"ಹೇಳೋರು ಹೇಳ್ತಾರೆ, ಕೇಳೋಳು ನೀನು."

"ಹೊಡೆದು ನೋಡಿ. ನಡುಗೋ ಬೆರಳಾದ್ರೇನು, ಕೀ ಮೇಲೆ ಬಿದ್ರೆ ಬಿತ್ತು ತಾನೆ?"

ಅದು ನಿಜವಾಗಿತ್ತು. ಮಣಿಕಟ್ಟನ್ನು ಮೇಜಿಗೆ ಊರಿದರೆ ಬೆರಳು ಹೇಳಿದ ಕಡೆಗೇ ಬೀಳುತ್ತಿತ್ತು. ಸ್ವರದ ಹೆಸರು ಸಿ ಎಂದು ಹೊಡೆದು ಪಕ್ಕದಲ್ಲಿ ನಾಲ್ಕು ಎಂಬ ಅಂಕಿ ಹಾಕಿದರೆ ಮನೆಯ ನಾಲ್ಕನೇ ಒಂದು ಪಾಲು, ಅಂದರೆ ಒಂದು ಎಣಿಕೆಯ ಸ್ವರ. ಎರಡು ಎಂದು ಹಾಕಿದರೆ ಅರ್ಧ ಮನೆ, ಎರಡು ಎಣಿಕೆ. ಎರಡರ ಪಕ್ಕ ಒಂದು ಚುಕ್ಕಿ ಇಟ್ಟರೆ ಮೂರು ಎಣಿಕೆ. ಒಂದೊಂದು ವಾದ್ಯ ನುಡಿಸುವ ಭಾಗವನ್ನೂ, ಅಂದರೆ ಆ ವಾದ್ಯದ ಪಾಠವನ್ನೂ, ಬಳುಕು ಕಂಸದೊಳಗೆ ಇಡಬೇಕು. ಶಾಲೆಯ ಲೆಕ್ಕದ ಪುಸ್ತಕದಲ್ಲಿ ಪುಷ್ಪಾವರಣ ಎನ್ನುತ್ತಿದ್ದರಲ್ಲ, ಅದೇ ಕಂಸ. ಎಲ್ಲ ಹೊಡೆದು ಗುಂಡಿಯೊತ್ತಿದರೆ ಪರದೆಯ ಮೇಲೆ ಅಚ್ಚುಕಟ್ಟಾದ ಹಾಳೆ. ಮೊದಲ ಸಾಲು ಮೂಡಿದಾಗ ಮುತ್ತಕ್ಕ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದಳು. ಸ್ವರಗಳು ಒಂದೂ ನಡುಗುತ್ತಿರಲಿಲ್ಲ.

ಮೂರು ವಾರ ಕೂತು ತನ್ನ ಹಳೆಯ ಹಾಳೆಗಳನ್ನು ನೋಡಿಕೊಂಡೇ ಹದಿನೇಳು ಪಾಠವನ್ನೂ ಹೊಡೆದಳು. ಕೊನೆಗೆ ಎಲ್ಲವನ್ನೂ ಸೇರಿಸಿ ಗುಂಡಿಯೊತ್ತಿದರೆ ಹಾಳೆಯೇ ಬರಲಿಲ್ಲ. ಕೊನೆಯ ಸಾಲಿನಲ್ಲಿ ತಪ್ಪಿದೆ ಎಂದು ಕೆಂಪಕ್ಷರದಲ್ಲಿ ಬಂತು. ಕೊನೆಯ ಸಾಲಿನಲ್ಲಿ ಏನೂ ಇರಲಿಲ್ಲ, ಬರೀ ಖಾಲಿ.

ಆ ಪ್ರೋಗ್ರಾಂ ಬಳಸುವವರದ್ದೊಂದು ಸಹಾಯದ ಗುಂಪು ಇತ್ತು. ಯಾರು ಬೇಕಾದರೂ ಪ್ರಶ್ನೆ ಬರೆಯಬಹುದು, ಗೊತ್ತಿದ್ದವರು ಉತ್ತರಿಸುತ್ತಾರೆ. ಹುಟ್ಟಿದಾರಭ್ಯ ಬರವಣಿಗೆಯ ವಿಷಯದಲ್ಲಿ ಯಾರನ್ನೂ ಏನೂ ಕೇಳದ ಮುತ್ತಕ್ಕ ಅರ್ಧ ದಿನ ಕೂತು ಪತ್ರ ಬರೆದಳು. ಮಾನ್ಯರೇ ಎಂದು ಶುರುಮಾಡಿ, ಕೈ ನಡುಕದಿಂದ ಹಿಡಿದು ಠಾಣೆಯ ಐವತ್ತು ವರ್ಷದವರೆಗೆ ವಿವರಿಸಿ, ಹದಿನೇಳು ಪಾಠಗಳನ್ನೂ ಜೊತೆಗಿಟ್ಟು ಕಳಿಸಿದಳು.

ಮಾರನೆಯ ದಿನ ಉತ್ತರ ಬಂತು. ಬರೆದವರ ಹೆಸರು ಇದ್ದ ಜಾಗದಲ್ಲಿ 'ಬಾವಿಕಪ್ಪೆ' ಎಂದಿತ್ತು.

"ಹದಿನೇಳು ವಾದ್ಯ ನೋಡೋಕೆ ನನಗೆ ಹದಿನೇಳು ಕಣ್ಣಿಲ್ಲ. ತಪ್ಪು ಕಾಣೋವಷ್ಟು ಚಿಕ್ಕ ತುಂಡು ಮಾತ್ರ ಕಳಿಸಿ. ಒಂದು ನಕಲು ಇಟ್ಕೊಂಡು ಅರ್ಧ ಅಳಿಸಿ ನೋಡಿ. ತಪ್ಪು ಹೋಯ್ತಾ, ಅಳಿಸಿದ ಅರ್ಧದಲ್ಲಿದೆ. ಹೋಗಲಿಲ್ವಾ, ಉಳಿದ ಅರ್ಧದಲ್ಲಿದೆ. ಮತ್ತೆ ಅರ್ಧ ಮಾಡಿ."

ಮುತ್ತಕ್ಕನಿಗೆ ಮೈಯೆಲ್ಲ ಉರಿಯಿತು. "ನೋಡೇ, ಇಷ್ಟು ಮರ್ಯಾದೆಯಾಗಿ ಕೇಳಿದ್ರೆ ಕಣ್ಣಿನ ಲೆಕ್ಕ ಹೇಳ್ತಾನೆ!"

"ಬೈದಿಲ್ಲ ಅತ್ತಿಗೆ, ದಾರಿ ಹೇಳಿದಾನೆ" ಎಂದು ನಾದಿನಿ ನಕ್ಕಳು. "ನೀವು ರಾಮಾಯಣ ಬರೆದ್ರೆ ಅವನು ತಾನೇ ಏನ್ಮಾಡ್ತಾನೆ?"

ಕೋಪದಲ್ಲೇ ಅರ್ಧ ಅಳಿಸಿದಳು. ತಪ್ಪು ಹಾಗೇ ಇತ್ತು. ಉಳಿದದ್ದರಲ್ಲಿ ಮತ್ತೆ ಅರ್ಧ ಅಳಿಸಿದಳು. ಆರನೇ ಸಲಕ್ಕೆ ನಾಲ್ಕೇ ಸಾಲು ಉಳಿದವು, ಅದರಲ್ಲಿ ಡೋಲಿನ ಪಾಠದ ಕೊನೆಗೆ ಕಂಸ ಮುಚ್ಚುವುದನ್ನೇ ಮರೆತಿದ್ದಳು. ಅಷ್ಟೇ. ಮುಚ್ಚಿದಳು. ಹದಿನೇಳು ಹಾಳೆಗಳೂ ಸಾಲಾಗಿ ಮೂಡಿದವು. ಮುತ್ತಕ್ಕ ಎರಡೇ ಸಾಲಿನ ಕೃತಜ್ಞತೆ ಬರೆದಳು.

"ಸಂತೋಷ. ಇನ್ನೊಂದು ಅಭ್ಯಾಸ ಮಾಡ್ಕೊಳ್ಳಿ" ಎಂದು ಬಾವಿಕಪ್ಪೆ ಬರೆಯಿತು. "ಪ್ರತಿ ಮನೆ ಮುಗಿದಾಗ ಒಂದು ನಿಂತ ಗೆರೆ ಹೊಡೀರಿ. ಮನೆ ಲೆಕ್ಕ ತಪ್ಪಿದ್ರೆ ಅದೇ ಹೇಳುತ್ತೆ."

ಎರಡು ದಿನ ಹಿಡಿಯಿತು ಗೆರೆ ಹಾಕಲು. ಹದಿನಾರು ಪಾಠಗಳು ಸರಿಯಾಗಿದ್ದವು. ಎರಡನೇ ಕ್ಲಾರಿನೆಟ್‌ನ ಪಾಠದಲ್ಲಿ ಮಾತ್ರ, ನಲವತ್ತೊಂದನೇ ಮನೆಯಲ್ಲಿ ಒಂದು ಎಣಿಕೆ ಕಡಿಮೆ ಎಂದು ಬಂತು.

ಹಳೆಯ ಹಾಳೆ ತೆಗೆದು ನೋಡಿದಳು. ಹೊಡೆದದ್ದೂ ಹಾಳೆಯೂ ಒಂದೇ ಇತ್ತು: ಎರಡು ಎಣಿಕೆಯ ಒಂದು ಸ್ವರ, ಒಂದು ಎಣಿಕೆಯ ಒಂದು ಸ್ವರ. ಕೂಡಿದರೆ ಮೂರು. ಮತ್ತೆ ಕೂಡಿದಳು. ಮೂರೇ.

"ನಿಮ್ಮ ಪ್ರೋಗ್ರಾಂ ಎಣಿಸೋದ್ರಲ್ಲಿ ತಪ್ಪುತ್ತಾ?" ಎಂದು ಕೇಳಿ ಬರೆದಳು.

"ಅಕ್ಕ, ಅದಕ್ಕೆ ಎಣಿಸೋದು ಬಿಟ್ಟು ಬೇರೇನೂ ಬರಲ್ಲ. ಮೂಲ ನೋಡಿ."

ಮೂಲವೆಂದರೆ ಮೇಷ್ಟ್ರು ಬರೆದ ದೊಡ್ಡ ಹಾಳೆ. ಅದು ಠಾಣೆಯ ವಾದ್ಯದ ಕೋಣೆಯಲ್ಲಿತ್ತು. ಬೀಗ ತೆಗೆಸಿಕೊಂಡು ಹೋಗಿ, ನೀರಿನ ಪೈಪುಗಳ ಪಕ್ಕದ ಮೇಜಿನ ಮೇಲೆ ಹರಡಿ ನೋಡಿದಳು. ನಲವತ್ತೊಂದನೇ ಮನೆಯಲ್ಲಿ ಮೊದಲ ಸ್ವರದ ಪಕ್ಕ ಸ್ಪಷ್ಟವಾಗಿ ಒಂದು ಚುಕ್ಕಿ ಇತ್ತು. ಚುಕ್ಕಿ ಇದ್ದರೆ ಆ ಸ್ವರಕ್ಕೆ ಮೂರು ಎಣಿಕೆ, ಮನೆ ಸರಿಹೋಗುತ್ತದೆ. ಮೂವತ್ತನಾಲ್ಕು ವರ್ಷದ ಹಿಂದೆ ಅದನ್ನು ಇಳಿಸುವಾಗ ಅವಳೇ ಬಿಟ್ಟಿದ್ದಳು.

ಅವಳು ಕುರ್ಚಿ ಎಳೆದುಕೊಂಡು ಕೂತುಬಿಟ್ಟಳು. ಎರಡನೇ ಕ್ಲಾರಿನೆಟ್ ನುಡಿಸುತ್ತಿದ್ದವರು ಬೆಂಕಿ ಬಂಡಿಯ ಚಾಲಕ. ಮೆರವಣಿಗೆ ಪಾಠದಲ್ಲಿ ಪ್ರತಿ ಸಲವೂ ಅದೇ ಜಾಗದಲ್ಲಿ ಒಂದು ಎಣಿಕೆ ಮುಂದೆ ಹೋಗುತ್ತಿದ್ದರು. ಮೇಷ್ಟ್ರು ಕೋಲು ಕುಟ್ಟಿ, "ಅಯ್ಯಾ, ಇಲ್ಲೇನು ಬೆಂಕಿ ಬಿದ್ದಿದೆಯಾ?" ಎಂದು ಬೈಯುತ್ತಿದ್ದರು. ಇಡೀ ಬ್ಯಾಂಡು ನಗುತ್ತಿತ್ತು. ಅವಸರಪ್ಪ ಎಂಬ ಹೆಸರು ಬಿದ್ದದ್ದೇ ಹಾಗೆ. ಒಮ್ಮೆ ಅವರು ತಮ್ಮ ಹಾಳೆಯಲ್ಲಿ ಹೀಗೇ ಇದೆ ಎಂದಾಗ ಮೇಷ್ಟ್ರು, "ಮುತ್ತಕ್ಕನ ಹಾಳೆಯಲ್ಲಿ ತಪ್ಪೇ? ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದಳಂತೆ" ಎಂದಿದ್ದರು. ಮುತ್ತಕ್ಕ ಅಲ್ಲೇ ಇದ್ದಳು. ಅವಳೂ ನಕ್ಕಿದ್ದಳು. ಹತ್ತೊಂಬತ್ತು ವರ್ಷ ನುಡಿಸಿ ಒಂದು ದಿನ ಅವರು ವಾದ್ಯವನ್ನು ಪೆಟ್ಟಿಗೆಗೆ ಹಾಕಿಕೊಂಡು ಹೋದರು. ಆ ಕುರ್ಚಿಗೆ ಮತ್ತೆ ಯಾರೂ ಬರಲಿಲ್ಲ.

ಸುಮ್ಮನೆ ಚುಕ್ಕಿ ಇಟ್ಟು ಮುಗಿಸಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮುತ್ತಕ್ಕ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

"ಮೂವತ್ತನಾಲ್ಕು ವರ್ಷದ ಮಾತು, ಅವರಿಗೆ ನೆನಪಿರುತ್ತೋ ಇಲ್ಲವೋ" ಎಂದಳು ನಾದಿನಿ.

"ನಕ್ಕೋರಿಗೆ ಮರೆತುಹೋಗುತ್ತೆ ಕಣೇ. ಬೈಸ್ಕೊಂಡೋರಿಗೆ ಮರೆಯಲ್ಲ."

ಮೂರನೇ ದಿನ ಎರಡೂ ಹಾಳೆಗಳನ್ನು ಚೀಲದಲ್ಲಿಟ್ಟುಕೊಂಡು, ನೀರಿನ ಟ್ಯಾಂಕಿನ ಹಿಂದಿನ ಬೀದಿಯಲ್ಲಿದ್ದ ಅವರ ಮನೆಗೆ ಹೋದಳು. ಅವಸರಪ್ಪ ಜಗಲಿಯಲ್ಲಿ ಕೂತು ಒಂದು ಪಂಪು ಬಿಚ್ಚಿಕೊಂಡಿದ್ದರು. ಕೂದಲೆಲ್ಲ ಬೆಳ್ಳಗಾಗಿತ್ತು. ಮುತ್ತಕ್ಕ ಹಾಳೆಗಳನ್ನು ಅಕ್ಕಪಕ್ಕ ಇಟ್ಟು, ಬೆರಳಿಟ್ಟು ತೋರಿಸಿ, "ಅಣ್ಣ, ತಪ್ಪು ನಂದು. ನಾನು ಬರೆದ ಹಾಗೇ ನೀವು ನುಡಿಸಿದ್ರಿ" ಎಂದಳು.

ಅವರು ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದರು. ದೂರ ಹಿಡಿದರು. ಆಮೇಲೆ ಒಳಗೆ ತಿರುಗಿ, "ಏನೇ, ಬಾ ಇಲ್ಲಿ" ಎಂದು ಹೆಂಡತಿಯನ್ನು ಕೂಗಿದರು. "ಮುತ್ತಕ್ಕ, ಇವಳ ಮುಂದೆ ಇನ್ನೊಂದ್ಸಲ ಹೇಳಿ."

ಮುತ್ತಕ್ಕ ಇನ್ನೊಮ್ಮೆ ಹೇಳಿದಳು. ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಗಂಡನ ಮುಖ ನೋಡಿದಳು. "ಕಾಲಲ್ಲಿ ತಾಳ ಹಾಕ್ಕೊಂಡು ಈ ಜಗಲಿ ತುಂಬ ಓಡಾಡೋರು. ನನ್ನ ತಾಳವೇ ಕೆಟ್ಟಿದೆ ಕಣೇ ಅನ್ನೋರು" ಎಂದಳು.

"ಹೂಂ" ಎಂದರು ಅವಸರಪ್ಪ. "ನಿಮ್ಮ ಹಾಳೆ ಮೇಲೆ ನನಗೂ ಅನುಮಾನ ಬರ್ಲಿಲ್ಲ ಮುತ್ತಕ್ಕ. ನನ್ನ ಮೇಲೇ ಬಂತು."

ಮುತ್ತಕ್ಕನ ಬಲಗೈ ಮಡಿಲಲ್ಲಿ ನಡುಗುತ್ತಿತ್ತು. ಅವರು ಅದನ್ನು ಗಮನಿಸಿದರು. ಹೆಂಡತಿ ಕಾಫಿ ತಂದಾಗ ಲೋಟವನ್ನು ಅವರೇ ತೆಗೆದು ಅವಳ ಎಡಗೈಗೆ ಕೊಟ್ಟರು.

ಐವತ್ತನೇ ವರ್ಷಕ್ಕೆ ಹೊಸ ಹಾಳೆ ಮಾಡುತ್ತಿರುವುದನ್ನು ಮುತ್ತಕ್ಕ ಹೇಳಿದಳು. ಹೊರಡುವಾಗ ಅವಸರಪ್ಪ ಮೆಟ್ಟಿಲವರೆಗೂ ಬಂದರು. "ಆ ಹೊಸ ಹಾಳೆ ಸ್ವಲ್ಪ ದಪ್ಪಗೆ ಬರೆಯೋಕಾಗುತ್ತಾ? ಕಣ್ಣು ಮೊದಲಿನಂಗಿಲ್ಲ. ಸುಮ್ನೆ ಕೇಳ್ದೆ, ಬರ್ತೀನಿ ಅಂತಲ್ಲ."

ಅಂದು ಸಂಜೆಯೇ ಮುತ್ತಕ್ಕ ಬಾವಿಕಪ್ಪೆಗೆ ಬರೆದಳು. ಗಾತ್ರದ ಅಂಕಿಯೊಂದನ್ನು ಬದಲಿಸಿದರೆ ಸಾಕು ಎಂದು ಉತ್ತರ ಬಂತು, ಜೊತೆಗೆ ಇನ್ನೆರಡು ಸಾಲು: "ನಂದು ಕನ್ನಡಕದ ಅಂಗಡಿ. ಗಿರಾಕಿ ಇಲ್ಲದಾಗ ಉತ್ತರ ಬರೀತೀನಿ. ವಯಸ್ಸಾದೋರಿಗೆ ಇಪ್ಪತ್ತಾರು ಹಾಕಿ, ಚೆನ್ನಾಗಿ ಕಾಣುತ್ತೆ." ಅದು ಹೆಂಗಸು ಎಂದು ಮುತ್ತಕ್ಕನಿಗೆ ಗೊತ್ತಾದದ್ದು ಇನ್ನೂ ಒಂದು ತಿಂಗಳ ಮೇಲೆ.

ಮುಂದಿನ ಗುರುವಾರ ಅಭ್ಯಾಸಕ್ಕೆ ಅವಸರಪ್ಪ ಬಂದರು. ಮೇಷ್ಟ್ರಿಗೆ ಮುತ್ತಕ್ಕ ಮೊದಲೇ ಎಲ್ಲ ಹೇಳಿದ್ದಳು. ಅವರು ಎದ್ದು ನಿಂತು, ಎಲ್ಲರೂ ಕೇಳುವ ಹಾಗೆ, "ಹತ್ತೊಂಬತ್ತು ವರ್ಷ ಇವರನ್ನ ಬೈದೆ. ಕೆಳಗಿಳಿದು ಹಾಳೆ ನೋಡಿದವನಲ್ಲ. ತಪ್ಪಾಯ್ತು" ಎಂದರು. ಅವಸರಪ್ಪ ದಪ್ಪ ಸ್ವರಗಳ ಹಾಳೆಯನ್ನು ನಿಲ್ಲಿಸಿಕೊಂಡು ವಾದ್ಯ ಜೋಡಿಸಿದರು.

ಪಾಠ ಶುರುವಾಯಿತು. ನಲವತ್ತೊಂದನೇ ಮನೆ ಬಂತು. ಮುತ್ತಕ್ಕ ಗೋಡೆಗೆ ಒರಗಿ ಬೆರಳಲ್ಲಿ ಎಣಿಸಿದಳು. ಅವಸರಪ್ಪ ಹೆದರಿ ಹೆದರಿ ಎಣಿಸಿ, ಈ ಸಲ ಒಂದು ಎಣಿಕೆ ತಡವಾಗಿ ಬಂದರು.

ಮೇಷ್ಟ್ರು ಕೋಲು ಇಳಿಸಿದರು. ಮೊದಲು ನಕ್ಕದ್ದು ಅವಸರಪ್ಪನೇ. ಆಮೇಲೆ ಇಡೀ ಕೋಣೆ ನಕ್ಕಿತು, ಮೇಷ್ಟ್ರು ಕಣ್ಣೊರೆಸಿಕೊಂಡು "ಮೊದಲಿಂದ" ಎಂದರು. ಎರಡನೇ ಸಲ ಮನೆ ಸರಿಯಾಗಿ ತುಂಬಿತು. ಐವತ್ತನೇ ವರ್ಷದ ದಿನವೂ ತುಂಬಿತು.

ಈಗ ಮುತ್ತಕ್ಕ ವಾದ್ಯದ ಕೋಣೆಯ ಕಪಾಟಿನಲ್ಲಿರುವ ಉಳಿದ ಪಾಠಗಳನ್ನು ಒಂದೊಂದಾಗಿ ಹೊಡೆಯುತ್ತಿದ್ದಾಳೆ. ಇನ್ನೂ ಮೂರು ತಪ್ಪು ಸಿಕ್ಕಿವೆ. ಇಬ್ಬರಿಗೆ ತಾನೇ ಹೋಗಿ ಹೇಳಿ ಬಂದಳು. ಮೂರನೆಯವರು ತೀರಿಕೊಂಡಿದ್ದರು, ಅವರ ಮಗಳಿಗೆ ಹೇಳಿದಳು. ಮಗಳು ಆ ಹಾಳೆಯ ಒಂದು ಪ್ರತಿ ಬೇಕೆಂದು ಕೇಳಿ ಇಟ್ಟುಕೊಂಡಳು.

"ಕಪಾಟಿನಲ್ಲಿ ಇನ್ನೆಷ್ಟಿವೆ ಅತ್ತಿಗೆ?" ಎಂದು ಮೊನ್ನೆ ನಾದಿನಿ ಕೇಳಿದಳು.

"ಅರವತ್ತು ಇರಬಹುದು."

"ಹಾಗಾದ್ರೆ ಊರೆಲ್ಲ ಸುತ್ತಬೇಕು ನೀವು. ಒಳ್ಳೆ ಚಪ್ಪಲಿ ತಗೊಳ್ಳಿ."