ಹೊಳಬಸಪ್ಪ ಸರ್ ಡಬ್ಬಿ

ಬಾಗಲಕೋಟೆ ನವನಗರದ ಆ ವೈದ್ಯಕೀಯ ಕಾಲೇಜಿನಲ್ಲಿ ಹೊಳಬಸಪ್ಪನವರು ನಾಲ್ಕು ತಿಂಗಳಿಂದ ಒಂದು ವಿಚಿತ್ರ ಭಾಷೆ ಮಾತಾಡುತ್ತಿದ್ದರು. ಅದರಲ್ಲಿ ‘ನೀ’ ಇರಲಿಲ್ಲ, ‘ನೀವು’ ಕೂಡ ಇರಲಿಲ್ಲ. “ಚಾ ಕುಡಿಯೂದು ಆತೇನು?” “ಫೈಲು ನೋಡೂದು ಮುಗೀತೇನು?” ಹೀಗೆ. ಹದಿನೆಂಟು ವರ್ಷದ ಹಿಂದೆ “ಏ ಸುಧಾ, ಲೈಟ್ ಹಚ್ಚವಾ” ಎಂದು ಕರೆದ ಹುಡುಗಿಯನ್ನು ಮೇಡಂ ಅನ್ನಲು ನಾಲಿಗೆ ಏಳುತ್ತಿರಲಿಲ್ಲ. ವಿಭಾಗದ ಮುಖ್ಯಸ್ಥರ ಕುರ್ಚಿಯಲ್ಲಿ ಕೂತವಳನ್ನು ಏಕವಚನದಲ್ಲಿ ಕರೆಯುವ ಹಾಗೂ ಇರಲಿಲ್ಲ.

ಆ ಕುರ್ಚಿ ತಮ್ಮದೆಂದು ಹೊಳಬಸಪ್ಪನವರು ಹತ್ತು ವರ್ಷದಿಂದ ನಂಬಿದ್ದರು. ನಂಬದೆ ಏನು ಮಾಡಿಯಾರು? ಇಳಕಲ್ಲಿನಲ್ಲಿ ನೂಲಿಗೆ ಬಣ್ಣ ಹಾಕುವವರ ಮನೆಯ ಮಗ. ಅಪ್ಪ ಹಂಡೆಯಲ್ಲಿ ರೇಷ್ಮೆ ಅದ್ದಿದರೆ, ಮಗ ಡಾಕ್ಟರಾಗಿ ಪೆಥಾಲಜಿ ವಿಭಾಗ ಸೇರಿ, ರೋಗ ಹತ್ತಿದ ಅಂಗದ ತೆಳು ಪದರನ್ನು ಗಾಜಿನ ಪಟ್ಟಿಯ ಮೇಲೆ ಕೂರಿಸಿ ಬಣ್ಣಕ್ಕೆ ಅದ್ದಿದರು. ಹಾಗೆ ತಮ್ಮ ಕೈಯಾರೆ ಮಾಡಿದ ನಲವತ್ತು ಗಾಜುಗಳನ್ನು ಒಂದು ಸಾಗವಾನಿ ಡಬ್ಬಿಯಲ್ಲಿ ನಂಬರು ಹಚ್ಚಿ ಇಟ್ಟಿದ್ದರು. ವಿಶ್ವವಿದ್ಯಾಲಯದ ಪ್ರಾಯೋಗಿಕ ಪರೀಕ್ಷೆಯಲ್ಲಿ ಹುಡುಗರು ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ, ಇದು ಯಾವ ಅಂಗ, ಯಾವ ರೋಗ ಎಂದು ಹೇಳಬೇಕಾದದ್ದು ಆ ಡಬ್ಬಿಯ ಗಾಜು ನೋಡಿ. ಇಪ್ಪತ್ತೈದು ವರ್ಷ ಆ ಪರೀಕ್ಷೆಯಲ್ಲಿ ಒಬ್ಬನೂ ನಪಾಸಾಗಿರಲಿಲ್ಲ. ಬೇರೆ ವಿಭಾಗದವರು ಕೈ ಕೈ ಹಿಸುಕಿಕೊಳ್ಳುತ್ತಿದ್ದರು. ಹೊಳಬಸಪ್ಪನವರು ಮೀಸೆ ಇಲ್ಲದಿದ್ದರೂ ಮೀಸೆ ತಿರುವುವವರ ಹಾಗೆ ತುಟಿ ಸವರಿಕೊಳ್ಳುತ್ತಿದ್ದರು.

ಹಿರಿಯ ಮುಖ್ಯಸ್ಥರು ನಿವೃತ್ತರಾದರು. ಆಡಳಿತದವರು ಹೊಳಬಸಪ್ಪನವರನ್ನು ಕರೆದು, ಕೂರಿಸಿ, ಚಾ ಕುಡಿಸಿ, ಸುಧಾರಾಣಿಯ ಹೆಸರು ಹೇಳಿದರು. ದೂರದ ದೊಡ್ಡ ಸಂಸ್ಥೆಯಲ್ಲಿ ಹನ್ನೆರಡು ವರ್ಷ ಇದ್ದವಳು, ಸಂಶೋಧನಾ ಲೇಖನ ಬರೆದವಳು, ಕಲಿಕೆಯ ಗುಣಮಟ್ಟ ಅಳೆಯುವುದು ಹೇಗೆ ಎಂದು ಊರೂರಿಗೆ ಹೋಗಿ ತರಬೇತಿ ಕೊಟ್ಟವಳು. ಹೊಳಬಸಪ್ಪನವರು “ಭಾಳ ಚಲೋ ಆತ್ರಿ” ಅಂದರು. ಆ ಚಾ ಮೂರು ದಿನ ಅವರ ಎದೆಯಲ್ಲೇ ನಿಂತಿತ್ತು.

ಅವತ್ತಿನಿಂದ ಅವರ ಕಣ್ಣು ಅವಳ ಮೇಲಿಂದ ಸರಿಯಲಿಲ್ಲ. ಅವಳು ಎಷ್ಟು ಗಂಟೆಗೆ ಬಂದಳು, ಪ್ರಿನ್ಸಿಪಾಲರು ಅವಳ ಮಾತಿಗೆ ಎಷ್ಟು ಸಲ ತಲೆದೂಗಿದರು, ಮೊದಲ ವರ್ಷದ ಹುಡುಗಿಯರು ಯಾಕೆ ಅವಳ ಹಾಗೆಯೇ ಜಡೆ ಮಡಚಿ ಕಟ್ಟತೊಡಗಿದರು, ಎಲ್ಲ ಅವರಿಗೆ ಬೇಕಿತ್ತು. ಅವಳು ನಕ್ಕರೆ ಉರಿ, ನಗದಿದ್ದರೆ ಸೊಕ್ಕು. ಅವಳು ಹಳೆಯ ಪರದೆ ತೆಗೆಸಿ ಕಿಟಕಿ ತೆರೆಸಿದಾಗ ಇವರು ಎರಡು ದಿನ ಬೆಳಕಿನ ಮೇಲೆಯೇ ಸಿಟ್ಟು ಮಾಡಿಕೊಂಡಿದ್ದರು.

“ಹೊಟ್ಟಿಕಿಚ್ಚು ಬಿಡ್ರಿ, ಗ್ಯಾಸ್ ಅಂತ ಎಷ್ಟ ದಿನ ಗುಳಿಗಿ ತಗೊಳ್ತೀರಿ?” ಎಂದು ಹೆಂಡತಿ ಪದ್ಮಶ್ರೀ ರೊಟ್ಟಿ ಬಡಿಯುತ್ತ ಕೇಳಿದಳು. ಚೊಳಚಗುಡ್ಡದ ಹೆಣ್ಣುಮಗಳು, ಮಾತು ಮುಚ್ಚಿಟ್ಟು ಗೊತ್ತಿಲ್ಲ.

“ನನಗ್ಯಾಕ ಹೊಟ್ಟಿಕಿಚ್ಚು? ಆಕಿಗೆ ಕಲಿಸಿದಾಂವ ನಾ.”

ಅದೊಂದೇ ಅವರಿಗಿದ್ದ ಆಸರೆ. ಹದಿನೆಂಟು ವರ್ಷದ ಹಿಂದಿನ ಮಾತು. ಗುಡೂರಿನ ಕುರಿ ಸಾಕುವವರ ಮನೆಯ ಸುಧಾರಾಣಿ ಪ್ರಾಯೋಗಿಕ ಪರೀಕ್ಷೆಗೆ ಕೂತಿದ್ದಳು. ಹೊರಗಿನಿಂದ ಬಂದ ಪರೀಕ್ಷಕರು ಹುಲಿಯಂಥವರು. ಡಬ್ಬಿಯಿಂದ ಹದಿನೇಳನೇ ಗಾಜು ತೆಗೆದು ಅವಳ ಮುಂದೆ ಇಟ್ಟರು. ಅದು ವರ್ಷಗಟ್ಟಲೆ ಸೋಂಕು ತಿಂದು ಬಾಡಿದ ಕಿಡ್ನಿ. ಆದರೆ ಮೇಲುಮೇಲೆ ನೋಡಿದವರಿಗೆ ಅದು ಥೇಟ್ ಥೈರಾಯಿಡ್ ಗ್ರಂಥಿ. ಸಮಾಧಾನದಿಂದ ಹುಡುಕಿದರೆ ಮಾತ್ರ ಎಲ್ಲೋ ಒಂದು ಕಡೆ, ಕಿಡ್ನಿಯಲ್ಲಷ್ಟೇ ಇರುವ ರಕ್ತನಾಳದ ಸಣ್ಣ ಉಂಡೆ ಕಾಣುತ್ತದೆ. ಓದಿದ ಡಾಕ್ಟರರೇ ಅಲ್ಲಿ ಎಡವುತ್ತಾರೆ. ಸುಧಾರಾಣಿ ಒಂದು ಕ್ಷಣ ನೋಡಿ “ಕಿಡ್ನಿರಿ ಸರ್” ಅಂದಳು. ಹುಲಿ ಬೆರಗಾಗಿ, “ಈ ಹುಡುಗಿಗೆ ನೋಡಾಕ ಕಲಿಸಿದವರು ಯಾರು?” ಎಂದು ಕೇಳಿತು. ಹೊಳಬಸಪ್ಪನವರ ಬದುಕಿನಲ್ಲಿ ಅದಕ್ಕಿಂತ ದೊಡ್ಡ ದಿನ ಇರಲಿಲ್ಲ, ಮದುವೆಯ ದಿನವೂ ಅಷ್ಟಲ್ಲ. ಸುಧಾರಾಣಿಗೆ ಬಂಗಾರದ ಪದಕ ಬಂತು. ಆ ಕತೆಯನ್ನು ಅವರು ಪ್ರತಿ ವರ್ಷದ ಹುಡುಗರಿಗೂ ಹೇಳಿದರು.

ಅವಳು ಅಧಿಕಾರ ವಹಿಸಿಕೊಂಡ ದಿನವೂ ಹೇಳಿದರು. ಗುಡೂರಿನಿಂದ ಬಂದಿದ್ದ ಅವಳ ತಾಯಿ ರಂಗವ್ವ ಎಲ್ಲರ ಎದುರು ಇವರ ಕಾಲು ಮುಟ್ಟಿ, “ನನ್ನ ಮಗಳಿಗೆ ಕಣ್ಣ ಕೊಟ್ಟಾವ್ರು ನೀವರಿ” ಎಂದು ಅತ್ತಳು. ಸುಧಾರಾಣಿ ತಲೆ ತಗ್ಗಿಸಿ ನಿಂತಿದ್ದಳು. ನಾಚಿಕೆ ಅಂದುಕೊಂಡರು ಹೊಳಬಸಪ್ಪನವರು. ಕುರ್ಚಿ ಅವಳದಾದರೂ ಅವಳು ನನ್ನವಳು ಎಂದು ಆ ರಾತ್ರಿ ಎರಡು ರೊಟ್ಟಿ ಹೆಚ್ಚಿಗೆ ಉಂಡರು.

ಆಮೇಲೆ ಅವಳು ಡಬ್ಬಿಗೆ ಕೈ ಹಚ್ಚಿದಳು.

ಒಂದು ಶುಕ್ರವಾರ ನೂರೈವತ್ತು ಹುಡುಗರಿಗೆ ಬೆಳಿಗ್ಗೆ ಡಬ್ಬಿಯ ಗಾಜು ಕೊಟ್ಟು ಪರೀಕ್ಷೆ ಮಾಡಿಸಿದಳು. ಮೂವರನ್ನು ಬಿಟ್ಟು ಎಲ್ಲರೂ ಪಾಸು. ಮಧ್ಯಾಹ್ನ ಬೇರೆ ಗಾಜು ಕೊಟ್ಟಳು. ಅವೇ ಅಂಗ, ಅವೇ ರೋಗ. ಅಂಗದ ತುಣುಕು ಹುದುಗಿಸಿ ಕಪಾಟಿನಲ್ಲಿಟ್ಟಿದ್ದ ಅವೇ ಮೇಣದ ಗಟ್ಟಿಗಳಿಂದ ತಾನೇ ಹೊಸದಾಗಿ ಪದರು ಕೊಯ್ದು, ಬಣ್ಣ ಹಾಕಿ ಮಾಡಿದವು. ನೂರಾ ಒಂದು ಹುಡುಗರು ನಪಾಸು. ಹದಿನೇಳನೇ ಕಿಡ್ನಿಯನ್ನಂತೂ ಹೆಚ್ಚುಕಡಿಮೆ ಎಲ್ಲರೂ ಥೈರಾಯಿಡ್ ಅಂದಿದ್ದರು.

ಇನ್ನು ಮುಂದೆ ವಿಶ್ವವಿದ್ಯಾಲಯದ ಪರೀಕ್ಷೆಗೆ ಹಳೆಯ ಡಬ್ಬಿ ಬೇಡ, ಪ್ರತಿ ವರ್ಷ ಹೊಸ ಗಾಜು ಮಾಡೋಣ ಎಂದು ಅವಳು ಬರೆದು ಕೊಟ್ಟಳು. ಸೋಮವಾರ ಕಾಲೇಜು ಕೌನ್ಸಿಲ್ ಸೇರಿ ತೀರ್ಮಾನಿಸಬೇಕು. ತಾಯಿ ತಂದೆಗಳ ಫೋನು ಶುರುವಾದವು: ಇಷ್ಟು ವರ್ಷ ಇಲ್ಲದ ನಪಾಸು ಈಗ ಯಾಕೆ, ಹೊಸ ಮೇಡಂ ಬಂದ ಮೇಲೆ ಯಾಕೆ? ಆಡಳಿತದವರ ಮುಖ ಬಿಗಿಯಿತು. ಹೊಳಬಸಪ್ಪನವರ ಗ್ಯಾಸು ಇಳಿಯಿತು. ಒಂದು ದೂರು ಸಾಕಾಗಿತ್ತು: ಅವಳು ಮಾಡಿದ ಗಾಜು ಸರಿಯಿಲ್ಲ, ತಪ್ಪು ಹುಡುಗರದಲ್ಲ. ಡಬ್ಬಿ ಉಳಿಯುತ್ತದೆ, ಕುರ್ಚಿ ಅಲುಗುತ್ತದೆ.

ಶನಿವಾರ ಬೆಳಿಗ್ಗೆ ಯಾರೂ ಬರುವ ಮೊದಲೇ ಹೋಗಿ ಅವಳ ಗಾಜುಗಳನ್ನು ಒಂದೊಂದಾಗಿ ನೋಡಿದರು. ಒಂದಾದರೂ ಮಡಿಕೆ ಸಿಗಲಿ, ಒಂದಾದರೂ ಬಣ್ಣ ಬಿಟ್ಟಿರಲಿ. ಇಲ್ಲ. ನೀಲಿ ನೀಲಿಯಾಗಿ, ಗುಲಾಬಿ ಗುಲಾಬಿಯಾಗಿ, ಒಂದಕ್ಕೊಂದು ಹತ್ತದೆ ನಿಂತಿದ್ದವು. ಅಪ್ಪ ಇದ್ದಿದ್ದರೆ ಬಣ್ಣ ಅಂದರೆ ಇದು ಅನ್ನುತ್ತಿದ್ದ. ತಾವು ಕೂಡ ಇಷ್ಟು ಚೆಂದ ಯಾವತ್ತೂ ಮಾಡಿರಲಿಲ್ಲ. ಅದು ಗೊತ್ತಾದ ಸಿಟ್ಟಿನಲ್ಲೇ ಕೂತು, ‘ಹೊಸ ಗಾಜುಗಳ ಬಣ್ಣ ತೀರ ಮಸುಕಾಗಿದ್ದು ಗುರುತಿಸಲು ಬಾರದಂತಿವೆ’ ಎಂದು ಬರೆದರು. ಹೊಟ್ಟೆಕಿಚ್ಚಿಗೆ ಕೈ ಬಲು ಗಟ್ಟಿ.

ದೂರಿನ ಮೂರು ಪ್ರತಿ ತೆಗೆಸಲು ಗೇಟಿನ ಎದುರಿನ ಅಕ್ಬರಸಾಬನ ಝೆರಾಕ್ಸ್ ಅಂಗಡಿಗೆ ಹೋದರು. ಕಾಲೇಜು ಆದಾಗಿನಿಂದ ಅವನ ಅಂಗಡಿ ಅಲ್ಲೇ ಇದೆ. ಕಾಗದ ಮಶೀನಿಗಿಡುವಾಗ ಒಂದೆರಡು ಸಾಲು ಓದುವುದು ಅವನ ಹಳೆಯ ಚಾಳಿ.

“ಏನ್ರಿ ಸರ್, ಡಬ್ಬಿ ತಗದ ಹಾಕ್ತಾರಂತ? ತಗೀಬಾರದ್ರಿ. ಹುಡುಗರ ಗತಿ ಏನಾಗಬೇಕು?”

“ನಿನಗ್ಯಾಕೋ ಡಬ್ಬಿ ಚಿಂತಿ?”

“ನಿಮ್ಮ ಹೆಸರಿನ ಕಾಗದ ಇಪ್ಪತ್ತ ವರ್ಷದಿಂದ ನನ್ನ ಕಡೇನ ಐತಲ್ರಿ. ಪರೀಕ್ಷೆ ಬಂದ್ರ ಹುಡುಗರು ಸಾಲ ಹಚ್ಚಿ ನಿಲ್ತಾರ.” ಅಕ್ಬರಸಾಬ ಗಲ್ಲಾಪೆಟ್ಟಿಗೆಯ ಕೆಳಗಿನಿಂದ ಒಂದು ಹಾಳೆ ಎಳೆದು ಹೆಮ್ಮೆಯಿಂದ ಮುಂದೆ ಹಿಡಿದ. ಮೇಲೆ ದಪ್ಪಗೆ ‘ಹೊಳಬಸಪ್ಪ ಸರ್ ಡಬ್ಬಿ’ ಎಂದಿತ್ತು.

ತಮ್ಮ ಪಾಠದ ಟಿಪ್ಪಣಿ ಇರಬೇಕೆಂದು ಹೊಳಬಸಪ್ಪನವರು ಕನ್ನಡಕ ಏರಿಸಿದರು. ಕೆಳಗೆ ನಲವತ್ತು ಸಾಲು. ಒಂದು: ನಡುವೆ ಗುಳ್ಳೆ ಇದ್ದದ್ದು, ಲಿವರ್. ಆರು: ಲೇಬಲ್ ಸೊಟ್ಟ ಹಚ್ಚಿದ್ದು, ಕ್ಷಯದ ಗಂಟು. ಹನ್ನೊಂದು: ಮಸಿ ಚೆಲ್ಲಿದ ಕಲೆ, ಹೃದಯ. ಹದಿನೇಳು: ಮೂಲಿ ಒಡೆದದ್ದು, ಕಿಡ್ನಿ. ಥೈರಾಯಿಡ್ ಅಂತ ಮೋಸ ಹೋಗಬ್ಯಾಡ್ರಿ.

ಕೊನೆಯ ಮಾತು ಅವರದೇ. ಪ್ರತಿ ವರ್ಷ ಹಲಗೆ ಬಡಿದು ಹೇಳುತ್ತಿದ್ದ ಮಾತು. ಆ ಮೂಲೆ ಒಡೆದದ್ದೂ ಅವರ ಕೈಯಿಂದಲೇ, ಮೊದಮೊದಲ ವರ್ಷಗಳಲ್ಲಿ ತೊಳೆಯುವಾಗ ಜಾರಿ. ಒಳಗಿನ ಪದರು ಚೆನ್ನಾಗಿದೆ, ಇರಲಿ ಬಿಡು ಎಂದು ಇಟ್ಟಿದ್ದರು. ಇಪ್ಪತ್ತೈದು ವರ್ಷ ಅವರು ಒಳಗಿನದನ್ನು ಕಲಿಸಿದರು, ಹುಡುಗರು ಅಂಚನ್ನು ಕಲಿತರು.

“ಪ್ರತಿ ಎಷ್ಟ ಅಂದ್ರಿ ಸರ್, ಮೂರೋ ನಾಕೋ?” ಅಕ್ಬರಸಾಬ ಕೇಳುತ್ತಲೇ ಇದ್ದ. ಹೊಳಬಸಪ್ಪನವರು ಅವನ ಹಾಳೆಯನ್ನೂ ತಮ್ಮ ದೂರನ್ನೂ ಒಟ್ಟಿಗೆ ಮಡಚಿ ಕಿಸೆಗೆ ತುರುಕಿ ನಡೆದರು.

ರಸ್ತೆ ದಾಟುವಾಗ ಮನಸ್ಸು ಲೆಕ್ಕ ಹಾಕುತ್ತಿತ್ತು. ಸೋಮಾರಿಗಳು ಹಾಗೆ ಮಾಡಿದ್ದಾರು, ಮಾಡಲಿ. ಎಲ್ಲರೂ ಅಲ್ಲ. ಅವಳಲ್ಲ. ಆ ಹುಡುಗಿ ಖಂಡಿತ ನೋಡಿ ಹೇಳಿದವಳು. ನಾಲ್ಕು ತಿಂಗಳು ಅವಳಿಗೆ ಕೇಡು ಬಯಸಿದವರು ಈಗ ಅವಳೊಬ್ಬಳನ್ನೇ ಗಟ್ಟಿಯಾಗಿ ಹಿಡಿದುಕೊಂಡು ಮೆಟ್ಟಿಲು ಹತ್ತಿದರು.

ಸುಧಾರಾಣಿ ಪ್ರಯೋಗಶಾಲೆಯಲ್ಲಿ ಒಬ್ಬಳೇ ಇದ್ದಳು. ಹೊಳಬಸಪ್ಪನವರು ಹಾಳೆಯನ್ನು ಅವಳ ಮುಂದೆ ಹಾಸಿದರು.

“ಇದು ನಿನಗ ಗೊತ್ತಿತ್ತು?” ‘ನೀ’ ತಾನಾಗಿ ಬಂದಿತ್ತು, ಇಬ್ಬರೂ ಗಮನಿಸಲಿಲ್ಲ.

“ಗೊತ್ತಿತ್ರಿ ಸರ್.”

“ಮತ್ತ ಕೌನ್ಸಿಲ್‌ನಾಗ ಇಡಬೇಕಿಲ್ಲೋ? ತಾಯಿ ತಂದಿ ನಿನಗ ಬೈಯಾಕತ್ಯಾರ. ಇದನ್ನ ತೋರ್ಸಿದ್ರ ನಿನ್ನ ಕಡೆ ಯಾರೂ ಬೆರಳ ಮಾಡತಿದ್ದಿಲ್ಲ.”

“ಮ್ಯಾಲೆ ನಿಮ್ಮ ಹೆಸರ ಐತ್ರಿ.”

ಅವಳ ಒಳ್ಳೆಯತನವೂ ಅವರಿಗೆ ಚುಚ್ಚಿತು. ಅದರಲ್ಲೂ ಇವಳೇ ಮುಂದೆ. ಅವರು ಸ್ಟೂಲಿನ ಅಂಚು ಹಿಡಿದು ನಿಂತರು.

“ಹದಿನೇಳನೇ ಗಾಜು. ನಿನ್ನ ಪರೀಕ್ಷೆ. ಅವತ್ತ ನೀ ಏನ ನೋಡಿ ಕಿಡ್ನಿ ಅಂದಿ?”

ಸುಧಾರಾಣಿ ಹಾಳೆಯ ಹದಿನೇಳನೇ ಸಾಲಿನ ಮೇಲೆ ಬೆರಳಿಟ್ಟಳು. ಅವರು ಮನಸ್ಸಿನಲ್ಲೇ ಬೇಡಿಕೊಂಡರು: ಸುಳ್ಳಾದರೂ ಹೇಳವಾ.

“ಮೂಲಿ ನೋಡಿದ್ನಿರಿ ಸರ್,” ಅಂದಳು. “ಪ್ರತಿ ಸಲ ನೀವು ಆ ಕತಿ ಹೇಳಿದಾಗ ನೆಲ ಬಾಯಿ ಬಿಡಬಾರದ ಅನಸ್ತಿತ್ತು. ಎಂ.ಡಿ.ಗೆ ಹೋದ ಮೊದಲನೇ ವಾರ ಅಂಥಾದ ಕಿಡ್ನಿ ನನ್ನ ಮುಂದ ಇಟ್ರು. ಬಂಗಾರದ ಪದಕದ ಹುಡುಗಿ ಅಂತ ಎಲ್ಲಾರೂ ಸುತ್ತ ನಿಂತಿದ್ರು. ನಾ ಥೈರಾಯಿಡ್ ಅಂದ್ನಿ. ಅಲ್ಲಿ ಯಾವ ಗಾಜಿಗೂ ಮೂಲಿ ಒಡದಿರಲಿಲ್ಲರಿ.”

ಹೊಳಬಸಪ್ಪನವರು ಕೂತರು. ಹುಡುಗರು ಕೂಡುವ ಸ್ಟೂಲು, ಗಿಡ್ಡ.

“ಹಂಗಾದ್ರ ನಿನಗ ನೋಡಾಕ ಕಲಿಸಿದವರು ಯಾರು?”

“ಅಲ್ಲಿ ಶಹನಾಜ ಮೇಡಂ ಅಂತ ಇದ್ರು.” ಹೆಸರು ಹೇಳುವಾಗ ಅವಳ ಮುಖ ಅರಳಿತು. ಹೊಳಬಸಪ್ಪನವರ ಹೆಸರು ಹೇಳುವಾಗ ಅದು ಯಾವತ್ತೂ ಹಾಗೆ ಅರಳಿರಲಿಲ್ಲ.

ಕುರ್ಚಿ ಹೋದಾಗ ಉರಿದದ್ದು ಏನೂ ಅಲ್ಲ. ಈಗ ಹತ್ತಿತು ನಿಜವಾದ ಕಿಚ್ಚು. ಯಾರೋ ಗುರುತಿಲ್ಲದ ಹೆಂಗಸು, ಎಲ್ಲೋ ದೂರದ ಊರಿನವಳು, ಅವರ ಬದುಕಿನ ಅತಿ ದೊಡ್ಡ ದಿನವನ್ನು ಎತ್ತಿಕೊಂಡು ಹೋಗಿದ್ದಳು. ಪರೀಕ್ಷಕರು ಕೇಳಿದ ಪ್ರಶ್ನೆಗೆ ಉತ್ತರ ಅವಳ ಹೆಸರಾಗಿತ್ತು. ರಂಗವ್ವ ಮುಟ್ಟಬೇಕಾದ ಕಾಲು ಅವಳದು. ಸುಧಾರಾಣಿಯ ಮೇಲೆ ಅವರಿಗೆ ಕಿಚ್ಚೇ ಉಳಿಯಲಿಲ್ಲ, ಎಲ್ಲ ಆ ಶಹನಾಜ ಮೇಡಂ ಕಡೆ ಹರಿದುಹೋಯಿತು. ಆ ಉರಿಯ ನಡುವೆಯೇ, ನುಂಗಲಾರದೆ ಉಗುಳಲಾರದೆ ಒಂದು ಮಾತು ಅವರ ಬಾಯಿಂದ ಬಂತು.

“ಹೆಂಗ ಕಲಿಸಿದ್ರು?”

“ಹೆಸರ ಹೇಳಾಕ ಬಿಡತಿರಲಿಲ್ಲರಿ ಸರ್. ರೋಗದ ಹೆಸರ ಬಾಯಾಗ ಬಂದ್ರ ಹೊರಗ ಕಳಸ್ತಿದ್ರು. ಖಾಲಿ ಹಾಳಿ ಕೊಟ್ಟು, ಕಣ್ಣಿಗೆ ಕಂಡದ್ದಷ್ಟ ಚಿತ್ರ ತಗಿ ಅಂತಿದ್ರು. ಅರ್ಧಾ ತಾಸು. ಅದ ಮುಗದ ಮ್ಯಾಲೇನ ಮಾತು.”

“ಅಷ್ಟ?”

“ಅಷ್ಟರಿ.”

ಹೊಳಬಸಪ್ಪನವರು ಕಿಸೆಗೆ ಕೈ ಹಾಕಿ ದೂರಿನ ಕಾಗದ ತೆಗೆದರು. ಅದರ ಸಾಲುಗಳ ಮೇಲೆ ಅವಳ ಕಣ್ಣು ಬಿದ್ದಿರಬೇಕು. ಅವರು ಅದನ್ನು ಬೋರಲು ಹಾಕಿ, ಖಾಲಿ ಬೆನ್ನನ್ನು ಅಂಗೈಯಿಂದ ಸವರಿ, ಅವಳು ಮಾಡಿದ ಹದಿನೇಳನೇ ಗಾಜನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟುಕೊಂಡರು.

“ಪೆನ್ಸಿಲ್ ಕೊಡವಾ,” ಅಂದರು.